ಯಂತ್ರದ ನಿದಾನ, ವೈದ್ಯನ ಹೊಣೆ

ರೋಗವು ಯಾವುದೆಂದು ಗೊತ್ತುಮಾಡುವ ಕೆಲಸಕ್ಕೆ ನಮ್ಮ ಹಿರಿಯರು ‘ನಿದಾನ’ ಎಂಬ ಹೆಸರನ್ನು ಕೊಟ್ಟರು. ಮೂಲಕಾರಣ ಎಂಬುದೇ ಆ ಶಬ್ದದ ಅರ್ಥ. ಕೆಮ್ಮು, ಜ್ವರ, ಎದೆನೋವು ಇವೆಲ್ಲ ಹೊರಗೆ ತೋರುವ ಚಿಹ್ನೆಗಳು. ಅವುಗಳ ಹಿಂದೆ ಅಡಗಿರುವ ಕಾರಣವನ್ನು ಹುಡುಕುವುದು ವೈದ್ಯನ ಕೆಲಸ. ರೋಗಿಯ ಮಾತನ್ನು ಕೇಳಿ, ನಾಡಿಯನ್ನು ಹಿಡಿದು, ಎದೆಗೆ ಸ್ಟೆತಾಸ್ಕೋಪನ್ನಿಟ್ಟು, ರಕ್ತವನ್ನು ಪರೀಕ್ಷೆಗೆ ಕಳುಹಿಸಿ, ಕ್ಷ-ಕಿರಣದ ಚಿತ್ರವನ್ನು ನೋಡಿ, ಕೊನೆಗೆ ‘ಇದು ಇಂಥ ರೋಗ’ ಎಂದು ಅವನು ಹೇಳುತ್ತಾನೆ. ಹಾಗೆ ಹೇಳಿದ ಮೇಲೆ ಆ ಮಾತಿಗೆ ಅವನೇ ಹೊಣೆ.

ಈಗ ವೈದ್ಯ ಮತ್ತು ರೋಗಿ, ಇವರಿಬ್ಬರ ನಡುವೆ ಮೂರನೆಯದೊಂದು ಬಂದು ಕುಳಿತಿದೆ. ಅದೇ ಕೃತಕ ಬುದ್ಧಿ. ಕ್ಷ-ಕಿರಣದ ಚಿತ್ರವನ್ನು ನೋಡಿ ರೋಗವನ್ನು ಗುರುತಿಸುವ, ಯಾವ ರೋಗಿಗೆ ಅಪಾಯ ಹೆಚ್ಚೆಂದು ಮುಂಚಿತವಾಗಿ ಸೂಚಿಸುವ, ವೈದ್ಯನೂ ರೋಗಿಯೂ ಆಡಿದ ಮಾತನ್ನು ಕೇಳಿ ಟಿಪ್ಪಣಿ ಬರೆದುಕೊಡುವ ಗಣಕಯಂತ್ರಗಳು ಆಸ್ಪತ್ರೆಗಳನ್ನು ಪ್ರವೇಶಿಸಿವೆ. ಅಮೆರಿಕದ ವೈದ್ಯಕೀಯ ಸಂಘವು 2023ರಲ್ಲಿ ಅಲ್ಲಿಯ ವೈದ್ಯರನ್ನು ವಿಚಾರಿಸಿದಾಗ, ತಮ್ಮ ವೃತ್ತಿಯಲ್ಲಿ ಇಂಥ ಸಾಧನವನ್ನು ಒಂದಲ್ಲ ಒಂದು ಬಗೆಯಲ್ಲಿ ಬಳಸುತ್ತಿದ್ದೇವೆಂದವರು ನೂರಕ್ಕೆ 38 ಮಂದಿ. ಮರುವರ್ಷ, ಎಂದರೆ 2024ರಲ್ಲಿ, ಅದೇ ಪ್ರಶ್ನೆಯನ್ನು ಕೇಳಿದಾಗ ಈ ಸಂಖ್ಯೆಯು 66ಕ್ಕೆ ಏರಿತ್ತು. ವೈದ್ಯಶಾಸ್ತ್ರದಲ್ಲಿ ಯಾವ ಹೊಸ ಉಪಕರಣವೂ ಇಷ್ಟು ಬೇಗ ಹರಡುವುದು ಅಪರೂಪ.

ಯಂತ್ರವು ವೈದ್ಯನ ಜಾಗವನ್ನು ಕಿತ್ತುಕೊಳ್ಳುವುದೋ ಎಂದು ಜನರು ಕೇಳುವುದುಂಟು. ವೈದ್ಯರಲ್ಲಿ ವಿಚಾರವಂತರು ಕೇಳುತ್ತಿರುವ ಪ್ರಶ್ನೆ ಇದಲ್ಲ. ಈ ಯಂತ್ರಕ್ಕೆ ದಾರಿ ತೋರಿಸಬೇಕಾದವರು ಯಾರು, ಅವರು ಏನನ್ನು ನೋಡಿ ದಾರಿ ತೋರಿಸಬೇಕು ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ದೊರೆಯಬೇಕಾದರೆ ಮೊದಲು ಯಂತ್ರವು ಕಲಿಯುವ ಬಗೆಯನ್ನು ತಿಳಿಯಬೇಕು.

ಯಂತ್ರವು ಕಲಿಯುವ ಬಗೆ

ವೈದ್ಯರು ಗಣಕಯಂತ್ರದ ನೆರವನ್ನು ಬಯಸಿದ್ದು ಇಂದು ನಿನ್ನೆಯ ಮಾತಲ್ಲ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಡ ಡೊಂಬಾಲ್ ಎಂಬ ಶಸ್ತ್ರವೈದ್ಯರು, ಹೊಟ್ಟೆನೋವು ಹಠಾತ್ತಾಗಿ ಬಂದ ರೋಗಿಗಳ ಲಕ್ಷಣಗಳನ್ನು ಗಣಕಕ್ಕೆ ಒಪ್ಪಿಸಿ, ಯಾವ ರೋಗವಿರುವ ಸಂಭವ ಎಷ್ಟೆಂದು ಲೆಕ್ಕಹಾಕಿಸಿದರು. 1972ರಲ್ಲಿ ಅವರ ತಂಡವು ಪ್ರಕಟಿಸಿದ ಫಲಿತಾಂಶವು ಹಲವರನ್ನು ಬೆರಗುಗೊಳಿಸಿತು. 304 ರೋಗಿಗಳಲ್ಲಿ ಗಣಕದ ನಿದಾನವು ನೂರಕ್ಕೆ 91.8ರಷ್ಟು ಸರಿಯಾಗಿತ್ತು, ಅದೇ ರೋಗಿಗಳನ್ನು ನೋಡಿದ ವೈದ್ಯರ ಪೈಕಿ ಅತ್ಯಂತ ಹಿರಿಯರದು ನೂರಕ್ಕೆ 79.6. ವೈದ್ಯನೂ ತಪ್ಪುತ್ತಾನೆ ಎಂಬ ಮಾತನ್ನು ಆರಂಭದಲ್ಲಿಯೇ ಒಪ್ಪಿಕೊಂಡು ನಾವು ಮುಂದುವರಿಯಬೇಕು.

ಅಂದಿನ ಗಣಕಕ್ಕೆ ಯಾವ ಲಕ್ಷಣಗಳನ್ನು ಗಮನಿಸಬೇಕೆಂದು ವೈದ್ಯರೇ ಆರಿಸಿ ಕೊಡುತ್ತಿದ್ದರು. ಇಂದಿನ ಯಂತ್ರದ ರೀತಿ ಬೇರೆ. ಅದಕ್ಕೆ ನಿಯಮಗಳನ್ನು ಹೇಳಿಕೊಡುವುದಿಲ್ಲ, ಉದಾಹರಣೆಗಳನ್ನು ತೋರಿಸುತ್ತಾರೆ. ಒಂದು ಚಿತ್ರವನ್ನು ಮುಂದಿಟ್ಟು, ‘ಇದರಲ್ಲಿ ರೋಗವಿದೆಯೇ?’ ಎಂದು ಕೇಳುತ್ತಾರೆ. ಅದು ಕೊಟ್ಟ ಉತ್ತರವು ತಜ್ಞರ ಉತ್ತರದಿಂದ ಎಷ್ಟು ದೂರವಿದೆಯೋ ಅದಕ್ಕೆ ತಕ್ಕಂತೆ ಯಂತ್ರದೊಳಗಿನ ಲಕ್ಷಾಂತರ ಅಂಕಿಗಳು ಸ್ವಲ್ಪ ಸ್ವಲ್ಪ ಬದಲಾಗುತ್ತವೆ. ಮತ್ತೊಂದು ಚಿತ್ರ, ಮತ್ತೊಂದು ಉತ್ತರ, ಮತ್ತೊಮ್ಮೆ ತಿದ್ದುಪಡಿ. ಹೀಗೆ ಸಾವಿರಾರು ಚಿತ್ರಗಳಾದ ಮೇಲೆ ಅದರ ಉತ್ತರಗಳು ತಜ್ಞರ ಉತ್ತರಗಳಿಗೆ ಹತ್ತಿರ ಬರುತ್ತವೆ. ಮಿದುಳಿನ ನರಕೋಶಗಳ ಜೋಡಣೆಯನ್ನು ದೂರದಿಂದ ಹೋಲುವುದರಿಂದ ಈ ಏರ್ಪಾಡಿಗೆ ಕೃತಕ ನರಜಾಲ ಎಂದು ಹೆಸರು.

ಇದಕ್ಕೆ ನಮ್ಮ ನಾಡಿಗೂ ಸಂಬಂಧಪಟ್ಟ ಒಂದು ದೃಷ್ಟಾಂತವಿದೆ. ಸಿಹಿಮೂತ್ರ ರೋಗವು ಬಹುಕಾಲ ಇದ್ದವರಲ್ಲಿ ಕಣ್ಣಿನ ಹಿಂಭಾಗದ ಅಕ್ಷಿಪಟಲದ ಸಣ್ಣ ರಕ್ತನಾಳಗಳು ಕೆಡುತ್ತವೆ. ಸಕಾಲದಲ್ಲಿ ಗುರುತಿಸದಿದ್ದರೆ ದೃಷ್ಟಿಯೇ ಹೋಗಬಹುದು. 2016ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಅಕ್ಷಿಪಟಲದ 1,28,175 ಛಾಯಾಚಿತ್ರಗಳನ್ನು ತೋರಿಸಿ ಒಂದು ನರಜಾಲವನ್ನು ತರಬೇತುಗೊಳಿಸಿದರು. ಒಂದೊಂದು ಚಿತ್ರವನ್ನೂ ಮೂರರಿಂದ ಏಳು ಸಲ ತಜ್ಞರು ಪರಿಶೀಲಿಸಿದ್ದರು. ಹೀಗೆ ದುಡಿದ ಕಣ್ಣಿನ ವೈದ್ಯರು 54 ಮಂದಿ. ಚಿತ್ರಗಳಲ್ಲಿ ಕೆಲವು ಅಮೆರಿಕದವು. ಉಳಿದವು ಭಾರತದ ಮೂರು ನೇತ್ರಾಲಯಗಳಿಂದ, ಎಂದರೆ ಅರವಿಂದ ಕಣ್ಣಿನ ಆಸ್ಪತ್ರೆ, ಚೆನ್ನೈಯ ಶಂಕರ ನೇತ್ರಾಲಯ ಮತ್ತು ಬೆಂಗಳೂರಿನ ನಾರಾಯಣ ನೇತ್ರಾಲಯಗಳಿಂದ ದೊರೆತವು. ಪರೀಕ್ಷೆಯಲ್ಲಿ ಆ ಯಂತ್ರವು ನೇತ್ರತಜ್ಞರಿಗೆ ಸರಿದೊರೆಯಾಗಿ ನಿಂತಿತು. ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಸಿಹಿಮೂತ್ರ ರೋಗವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ನೆರವಿನಿಂದ ನಡೆದ ಸಮೀಕ್ಷೆಯೊಂದು 2023ರಲ್ಲಿ ಅಂದಾಜು ಮಾಡಿತು. ಇಷ್ಟು ಮಂದಿಯ ಕಣ್ಣುಗಳನ್ನು ವರ್ಷಕ್ಕೊಮ್ಮೆ ನೋಡುವಷ್ಟು ನೇತ್ರತಜ್ಞರು ಎಲ್ಲಿಂದ ಬರಬೇಕು? ಇಂಥ ಯಂತ್ರದಿಂದ ಆಗಬಹುದಾದ ಉಪಕಾರ ಎಷ್ಟೆಂಬುದು ಇದರಿಂದಲೇ ತಿಳಿಯುತ್ತದೆ.

ಹಾಗಾದರೆ ವೈದ್ಯರಿಗೆ ಶಂಕೆ ಏಕೆ? ಯಂತ್ರವು ಕಲಿಯುವುದು ರೋಗದಿಂದ ಅಲ್ಲ, ರೋಗದ ದಾಖಲೆಯಿಂದ. ದಾಖಲೆಯನ್ನು ಬರೆದವರು ಮನುಷ್ಯರು. ರೋಗದ ಸ್ವಭಾವದ ಜೊತೆಗೆ ವೈದ್ಯರು ಮಾಡಿದ ಉಪಚಾರ, ಆಸ್ಪತ್ರೆಯ ಪದ್ಧತಿ, ಸಮಾಜದ ಅನ್ಯಾಯ ಇವೆಲ್ಲವೂ ಅದರಲ್ಲಿ ಬೆರೆತುಹೋಗಿರುತ್ತವೆ. ಯಾವುದು ರೋಗದ ಗುಣ, ಯಾವುದು ಉಪಚಾರದ ಫಲ ಎಂದು ಬೇರ್ಪಡಿಸುವ ಶಕ್ತಿ ಯಂತ್ರಕ್ಕಿಲ್ಲ. ದಾಖಲೆಯು ಹೇಗೆ ಹುಟ್ಟಿತೆಂಬುದನ್ನು ಬಲ್ಲವರು ಮಾತ್ರ ಅದನ್ನು ಬೇರ್ಪಡಿಸಬಲ್ಲರು. ಮುಂದೆ ಹೇಳುವ ಒಂದು ನಿಜವಾದ ಪ್ರಸಂಗವನ್ನು ಓದಿದರೆ ಈ ಮಾತು ಸ್ಪಷ್ಟವಾಗುವುದು.

ಉಬ್ಬಸದ ಒಗಟು

1990ರ ದಶಕದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಒಂದು ಸಂಶೋಧನೆ ನಡೆಯಿತು. ನ್ಯುಮೋನಿಯ ಬಂದವರಲ್ಲಿ ಯಾರನ್ನು ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬೇಕು, ಯಾರಿಗೆ ಔಷಧಿಯನ್ನು ಕೊಟ್ಟು ಮನೆಗೆ ಕಳುಹಿಸಬಹುದು ಎಂಬುದನ್ನು ಗಣಕದ ನೆರವಿನಿಂದ ನಿರ್ಧರಿಸುವುದು ಅದರ ಉದ್ದೇಶ. 14,000ಕ್ಕೂ ಹೆಚ್ಚು ರೋಗಿಗಳ ದಾಖಲೆಗಳು ಕೈಯಲ್ಲಿದ್ದವು. ಹಲವು ವಿಧಾನಗಳನ್ನು ಪ್ರಯೋಗಿಸಿ ನೋಡಿದರು. ಯಾರು ಸಾಯುವರು, ಯಾರು ಬದುಕುವರು ಎಂಬುದನ್ನು ಎಲ್ಲಕ್ಕಿಂತ ನಿಖರವಾಗಿ ಹೇಳಿದ್ದು ರಿಚ್ ಕರುವಾನ ಎಂಬ ತರುಣ ಸಂಶೋಧಕರು ತರಬೇತುಗೊಳಿಸಿದ ನರಜಾಲ. ಆದರೆ ಅದು ಯಾವ ಕಾರಣದಿಂದ ಹಾಗೆ ಹೇಳಿತೆಂದು ಯಾರಿಗೂ ತಿಳಿಯುವಂತಿರಲಿಲ್ಲ.

ಅದೇ ದಾಖಲೆಗಳಿಂದ ಮತ್ತೊಬ್ಬ ಸಂಶೋಧಕರು ಬೇರೊಂದು ಸರಳ ವಿಧಾನವನ್ನು ಬಳಸಿ, ಮನುಷ್ಯರು ಓದಿ ತಿಳಿಯಬಹುದಾದ ನಿಯಮಗಳನ್ನು ಹೊರತೆಗೆದಿದ್ದರು. ಅವುಗಳಲ್ಲಿ ಒಂದು ನಿಯಮವನ್ನು ಓದಿದವರೆಲ್ಲರೂ ತಬ್ಬಿಬ್ಬಾದರು. ಉಬ್ಬಸದ ರೋಗವಿರುವವನಿಗೆ ನ್ಯುಮೋನಿಯ ಬಂದರೆ ಅವನು ಸಾಯುವ ಸಂಭವವು ಇತರರಿಗಿಂತ ಕಡಿಮೆ ಎಂದು ಅದು ಹೇಳುತ್ತಿತ್ತು! ಮೊದಲೇ ಉಸಿರಾಟದ ತೊಂದರೆಯುಳ್ಳವನ ಶ್ವಾಸಕೋಶಕ್ಕೆ ಸೋಂಕು ತಗುಲಿದರೆ ಅಪಾಯವು ಹೆಚ್ಚುವುದೋ ಕಡಿಮೆಯಾಗುವುದೋ? ವೈದ್ಯವಿದ್ಯೆಯ ಮೊದಲ ವರ್ಷದ ವಿದ್ಯಾರ್ಥಿಯೂ ಇದಕ್ಕೆ ಉತ್ತರ ಹೇಳಬಲ್ಲ.

ಆದರೂ ದಾಖಲೆಗಳಲ್ಲಿ ಸುಳ್ಳಿರಲಿಲ್ಲ, ಲೆಕ್ಕದಲ್ಲಿಯೂ ತಪ್ಪಿರಲಿಲ್ಲ. ಒಗಟನ್ನು ಬಿಡಿಸಿದವರು ವೈದ್ಯರು. ಉಬ್ಬಸದ ರೋಗಿಗೆ ನ್ಯುಮೋನಿಯ ಬಂದರೆ ಅಪಾಯವೆಂದು ಅವರಿಗೆ ಚೆನ್ನಾಗಿ ಗೊತ್ತು. ಆದಕಾರಣ ಅಂಥವರನ್ನು ಕೂಡಲೇ ಆಸ್ಪತ್ರೆಗೆ ಸೇರಿಸಿಕೊಂಡು, ಬಹುಮಟ್ಟಿಗೆ ನೇರವಾಗಿ ತೀವ್ರ ನಿಗಾ ವಿಭಾಗಕ್ಕೇ ಕಳುಹಿಸಿ, ಹಗಲಿರುಳು ಕಾದು ಉಪಚರಿಸುತ್ತಿದ್ದರು. ಆ ಉಪಚಾರದ ಫಲವಾಗಿ ಅವರು ಇತರರಿಗಿಂತ ಹೆಚ್ಚಾಗಿ ಬದುಕಿ ಉಳಿಯುತ್ತಿದ್ದರು. ದಾಖಲೆಯಲ್ಲಿ ಕಂಡದ್ದು ‘ಉಬ್ಬಸವಿತ್ತು, ಬದುಕಿದ’ ಎಂಬುದಷ್ಟೆ.

ಶಾಲೆಯ ಒಂದು ಹೋಲಿಕೆಯಿಂದ ಇದನ್ನು ತಿಳಿಯಬಹುದು. ಒಂದು ತರಗತಿಯಲ್ಲಿ ಲೆಕ್ಕದಲ್ಲಿ ಹಿಂದುಳಿದ ಹತ್ತು ಹುಡುಗರಿದ್ದಾರೆನ್ನೋಣ. ಮುಖ್ಯೋಪಾಧ್ಯಾಯರು ಪ್ರತಿದಿನ ಸಂಜೆ ಅವರನ್ನು ಕೂರಿಸಿಕೊಂಡು ಪಾಠ ಹೇಳುತ್ತಾರೆ. ಪರೀಕ್ಷೆಯಲ್ಲಿ ಹತ್ತು ಮಂದಿಯೂ ತೇರ್ಗಡೆಯಾಗುತ್ತಾರೆ. ಸಂಜೆಯ ಪಾಠದ ವಿಷಯವನ್ನು ತಿಳಿಯದ ಹೊರಗಿನವನೊಬ್ಬನು ಅಂಕಪಟ್ಟಿಯನ್ನು ಮಾತ್ರ ನೋಡಿ, ‘ಲೆಕ್ಕದಲ್ಲಿ ಹಿಂದುಳಿದವರು ತಪ್ಪದೆ ತೇರ್ಗಡೆಯಾಗುತ್ತಾರೆ, ಅವರಿಗೆ ಪಾಠ ಬೇಕಿಲ್ಲ’ ಎಂದು ತೀರ್ಮಾನಿಸಿದರೆ ಹೇಗೆ? ಆ ತೀರ್ಮಾನದಂತೆ ಸಂಜೆಯ ಪಾಠವನ್ನು ನಿಲ್ಲಿಸಿಬಿಟ್ಟರೆ ಆ ಹುಡುಗರ ಗತಿಯೇನು?

ಪಿಟ್ಸ್‌ಬರ್ಗಿನಲ್ಲಿ ಆಗಬಹುದಾಗಿದ್ದ ಅನಾಹುತವೂ ಇಂಥದೇ. ಯಂತ್ರದ ಮಾತಿನಂತೆ ನಡೆದಿದ್ದರೆ ಉಬ್ಬಸದ ರೋಗಿಗಳನ್ನು ‘ಅಪಾಯ ಕಡಿಮೆ’ ಎಂದು ಮನೆಗೆ ಕಳುಹಿಸಬೇಕಾಗುತ್ತಿತ್ತು. ತಂಡದವರು ನರಜಾಲವನ್ನು ರೋಗಿಗಳ ಮೇಲೆ ಪ್ರಯೋಗಿಸದೆ ಕೈಬಿಟ್ಟರು. ನಿಖರತೆಯಲ್ಲಿ ತುಸು ಹಿಂದಾದರೂ ಅರ್ಥವಾಗುವಂಥ ಸರಳ ವಿಧಾನವೇ ಲೇಸೆಂದು ಬಗೆದರು. ಉಬ್ಬಸದ ತಪ್ಪನ್ನು ತಿದ್ದಿಬಿಟ್ಟರೆ ಸಾಲದೇ ಎಂದು ವಾಚಕರು ಕೇಳಬಹುದು. ಆ ಒಂದು ತಪ್ಪು ಬೇರೊಂದು ವಿಧಾನದ ಮೂಲಕ ಆಕಸ್ಮಿಕವಾಗಿ ಕಣ್ಣಿಗೆ ಬಿತ್ತು. ಕಣ್ಣಿಗೆ ಬೀಳದೆ ನರಜಾಲದೊಳಗೆ ಅಡಗಿರುವ ತಪ್ಪುಗಳು ಇನ್ನೆಷ್ಟೋ ಎಂಬುದೇ ಕರುವಾನರ ಅಂಜಿಕೆಯಾಗಿತ್ತು. ಅದು ನಿರಾಧಾರವಾದ ಅಂಜಿಕೆಯಲ್ಲ. 2015ರಲ್ಲಿ ಅವರೂ ಅವರ ಸಂಗಡಿಗರೂ ಅದೇ ದಾಖಲೆಗಳನ್ನು ಒಳಗು ಕಾಣುವಂಥ ಹೊಸ ವಿಧಾನದಿಂದ ಪರೀಕ್ಷಿಸಿದಾಗ, ಎದೆನೋವು ಮತ್ತು ಹೃದ್ರೋಗಗಳ ವಿಷಯದಲ್ಲಿಯೂ ಇಂಥದೇ ತಲೆಕೆಳಗಾದ ಪಾಠವು ಹೊರಬಿತ್ತು.

ಖರ್ಚನ್ನು ರೋಗವೆಂದೆಣಿಸಿದ ಲೆಕ್ಕ

ದಾಖಲೆಯಲ್ಲಿ ಉಪಚಾರವು ಅಡಗಿರುವಂತೆ ಅನ್ಯಾಯವೂ ಅಡಗಿರಬಹುದು. ಅಮೆರಿಕದಲ್ಲಿ ದೀರ್ಘಕಾಲದ ಕಾಯಿಲೆಯುಳ್ಳವರಿಗೆ ವಿಶೇಷ ಆರೈಕೆಯನ್ನು ಒದಗಿಸುವ ಯೋಜನೆಗಳುಂಟು. ಯಾರಿಗೆ ಆ ಆರೈಕೆಯು ಹೆಚ್ಚು ಅಗತ್ಯವೆಂಬುದನ್ನು ಆರಿಸಲು ಒಂದು ಗಣಕವಿಧಾನವು ವ್ಯಾಪಕವಾಗಿ ಬಳಕೆಯಲ್ಲಿತ್ತು. ತುರ್ತುಚಿಕಿತ್ಸೆಯ ವೈದ್ಯರಾದ ಜಿಯಾದ್ ಓಬರ್‌ಮೇಯರ್ ಮತ್ತು ಅವರ ಸಂಗಡಿಗರು 2019ರಲ್ಲಿ ಅದನ್ನು ಬಗೆದು ನೋಡಿದರು. ಯಂತ್ರವು ಸಮಾನ ಅಪಾಯವೆಂದು ಒಂದೇ ಅಂಕ ಕೊಟ್ಟಿದ್ದ ರೋಗಿಗಳಲ್ಲಿ ಕರಿಯ ವರ್ಣದವರು ಬಿಳಿಯರಿಗಿಂತ ಹೆಚ್ಚು ಕಾಯಿಲೆಯಿಂದ ನರಳುತ್ತಿದ್ದರೆಂದು ಕಂಡುಬಂದಿತು.

ಇದಕ್ಕೆ ಕಾರಣವೇನು? ಯಂತ್ರಕ್ಕೆ ವರ್ಣವನ್ನು ತಿಳಿಸಿಯೇ ಇರಲಿಲ್ಲ. ಆದರೆ ರೋಗಿಯ ಕಾಯಿಲೆ ಎಷ್ಟು ಎಂಬುದನ್ನು ಊಹಿಸುವಂತೆಯೂ ಅದಕ್ಕೆ ಹೇಳಿರಲಿಲ್ಲ. ಮುಂದೆ ಅವನ ಚಿಕಿತ್ಸೆಗೆ ಹಣ ಎಷ್ಟು ಖರ್ಚಾಗುವುದೆಂದು ಊಹಿಸುವಂತೆ ಹೇಳಿದ್ದರು. ಹೆಚ್ಚು ಕಾಯಿಲೆಯವನಿಗೆ ಹೆಚ್ಚು ಖರ್ಚು ಎಂಬುದು ಮೇಲುನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಆಸ್ಪತ್ರೆಗೆ ಹೋಗಲು ಅನುಕೂಲವಿಲ್ಲದವನಿಗೆ, ಹೋದರೂ ತಕ್ಕ ಚಿಕಿತ್ಸೆಯನ್ನು ಪಡೆಯದವನಿಗೆ, ಕಾಯಿಲೆ ಎಷ್ಟೇ ಇದ್ದರೂ ಖರ್ಚು ಕಡಿಮೆಯೇ. ಹೀಗೆ ಹಿಂದೆ ಉಪೇಕ್ಷೆಗೆ ಒಳಗಾದವರನ್ನು ಯಂತ್ರವು ‘ಇವರಿಗೆ ಅಗತ್ಯವಿಲ್ಲ’ ಎಂದು ಮತ್ತೊಮ್ಮೆ ಉಪೇಕ್ಷಿಸಿತು. ಈ ಪಕ್ಷಪಾತವನ್ನು ನೀಗಿಸಿದರೆ ವಿಶೇಷ ಆರೈಕೆಗೆ ಆಯ್ಕೆಯಾಗುವವರಲ್ಲಿ ಕರಿಯರ ಪ್ರಮಾಣವು ನೂರಕ್ಕೆ 17.7ರಿಂದ 46.5ಕ್ಕೆ ಏರುವುದೆಂದು ಸಂಶೋಧಕರು ಲೆಕ್ಕಹಾಕಿದರು.

ಸಮಾಧಾನದ ಸಂಗತಿಯೂ ಇಲ್ಲಿ ಉಂಟು. ಯಂತ್ರವನ್ನು ತಯಾರಿಸಿದವರೊಡನೆ ಸೇರಿ, ಖರ್ಚಿನ ಜೊತೆಗೆ ಆರೋಗ್ಯದ ಸ್ಥಿತಿಯನ್ನೂ ಊಹಿಸುವಂತೆ ಅದನ್ನು ಬದಲಾಯಿಸಿದಾಗ ಈ ಪಕ್ಷಪಾತವು ನೂರಕ್ಕೆ 84ರಷ್ಟು ಇಳಿಯಿತು. ಯಂತ್ರದ ಲೆಕ್ಕದಲ್ಲಿ ದೋಷವಿರಲಿಲ್ಲ. ಅದಕ್ಕೆ ಕೇಳಿದ ಪ್ರಶ್ನೆಯಲ್ಲಿ ಇತ್ತು.

ಪ್ರಯೋಗಶಾಲೆಯಿಂದ ಚಿಕಿತ್ಸಾಲಯಕ್ಕೆ

ದಾಖಲೆಯೂ ಸರಿ, ಪ್ರಶ್ನೆಯೂ ಸರಿ ಎಂದಿಟ್ಟುಕೊಳ್ಳೋಣ. ಆಗಲೂ ಒಂದು ತೊಡಕು ಉಳಿಯುತ್ತದೆ. ಅಕ್ಷಿಪಟಲವನ್ನು ನೋಡುವ ಯಂತ್ರದ ವಿಷಯವನ್ನು ಮೇಲೆ ಹೇಳಿದೆವಷ್ಟೆ. 2018ರ ಕೊನೆಯಿಂದ 2019ರವರೆಗೆ ಗೂಗಲ್ ಸಂಸ್ಥೆಯು ಅಂಥ ಯಂತ್ರವನ್ನು ಥೈಲೆಂಡಿನ 11 ಚಿಕಿತ್ಸಾಲಯಗಳಲ್ಲಿ ಬಳಕೆಗೆ ತಂದಿತು. ಅಲ್ಲಿ ಕಣ್ಣಿನ ಚಿತ್ರವನ್ನು ತೆಗೆಯುವವರು ದಾದಿಯರು. ಚಿತ್ರ ತೆಗೆಯುವುದಕ್ಕೆಂದೇ ಕತ್ತಲಾದ ಕೋಣೆಯು ಎಲ್ಲ ಕಡೆಯಲ್ಲಿಯೂ ಇರಲಿಲ್ಲ. ಚಿತ್ರವು ತುಸು ಮಸುಕಾದರೂ ಯಂತ್ರವು ಅದನ್ನು ಒಪ್ಪುತ್ತಿರಲಿಲ್ಲ. ಹೀಗೆ 1,838 ಚಿತ್ರಗಳಲ್ಲಿ ನೂರಕ್ಕೆ 21ರಷ್ಟನ್ನು ಅದು ತಿರಸ್ಕರಿಸಿತು. ಚಿತ್ರವು ತಿರಸ್ಕೃತವಾದರೆ ರೋಗಿಯು ಬೇರೆ ಊರಿನ ತಜ್ಞರ ಬಳಿಗೆ ಹೋಗಬೇಕು. ಕೂಲಿಯನ್ನು ಬಿಟ್ಟು, ಬಂಡಿಯ ಖರ್ಚನ್ನು ಹೊತ್ತು ಹೋದವನ ಕಣ್ಣಿನಲ್ಲಿ ರೋಗವೇ ಇಲ್ಲದಿರಬಹುದು. ಅಂತರ್ಜಾಲವು ನಿಧಾನವಾದ ದಿನ ಯಂತ್ರದ ಉತ್ತರಕ್ಕಾಗಿ ಸಾಲುಗಟ್ಟಿ ಕಾಯಬೇಕಾಗುತ್ತಿತ್ತು. ಯಂತ್ರದ ಕಣ್ಣು ಚುರುಕಾಗಿತ್ತು, ನಿಜ; ಆದರೆ ಅದು ಆ ಕೋಣೆಯನ್ನಾಗಲಿ ಆ ರೋಗಿಯ ದಿನಗೂಲಿಯನ್ನಾಗಲಿ ಅರಿತಿರಲಿಲ್ಲ. ಈ ನ್ಯೂನತೆಗಳನ್ನು ಗೂಗಲ್ ಸಂಸ್ಥೆಯ ಸಂಶೋಧಕರೇ ಚಿಕಿತ್ಸಾಲಯದಲ್ಲಿ ಕುಳಿತು ನೋಡಿ, 2020ರಲ್ಲಿ ಮರೆಮಾಚದೆ ಪ್ರಕಟಿಸಿದರೆಂಬುದನ್ನು ಮೆಚ್ಚಿ ಹೇಳಬೇಕು.

ಸೋಂಕಿಗೆ ದೇಹವು ವಿಪರೀತವಾಗಿ ಪ್ರತಿಕ್ರಿಯಿಸಿ ಅಂಗಾಂಗಗಳು ಕೆಡುವ ಸ್ಥಿತಿಗೆ ಸೆಪ್ಸಿಸ್ ಎನ್ನುವರು. ಅದರಲ್ಲಿ ಒಂದೊಂದು ಗಂಟೆಯೂ ಅಮೂಲ್ಯ. ಅದನ್ನು ಮುಂಚಿತವಾಗಿ ಗುರುತಿಸಿ ಎಚ್ಚರಿಕೆ ಕೊಡುವ ಒಂದು ಗಣಕವಿಧಾನವು ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿತ್ತು. ಮಿಷಿಗನ್ ವಿಶ್ವವಿದ್ಯಾನಿಲಯದ ವೈದ್ಯರು ತಮ್ಮ ಆಸ್ಪತ್ರೆಯಲ್ಲಿ ಅದು ನಿಜವಾಗಿ ಹೇಗೆ ನಡೆಯುತ್ತಿದೆಯೆಂದು ಪರೀಕ್ಷಿಸಿ, 2021ರಲ್ಲಿ ವರದಿ ಮಾಡಿದರು. 38,455 ದಾಖಲಾತಿಗಳಲ್ಲಿ 2,552 ಸೆಪ್ಸಿಸ್ ಪ್ರಕರಣಗಳಿದ್ದವು. ಅವುಗಳ ಪೈಕಿ ನೂರಕ್ಕೆ 67ರಷ್ಟನ್ನು ಯಂತ್ರವು ಗುರುತಿಸಲೇ ಇಲ್ಲ. ಹಾಗೆಂದು ಅದು ಸುಮ್ಮನಿತ್ತೆಂದು ಭಾವಿಸಬೇಡಿ. ಒಟ್ಟು ರೋಗಿಗಳಲ್ಲಿ ನೂರಕ್ಕೆ 18 ಮಂದಿಯ ವಿಷಯದಲ್ಲಿ ಅದು ಗಂಟೆ ಬಾರಿಸಿತ್ತು. ಪದೇ ಪದೇ ಸುಮ್ಮನೆ ಬಾರಿಸುವ ಗಂಟೆಗೆ ದಾದಿಯೂ ವೈದ್ಯನೂ ಕ್ರಮೇಣ ಕಿವಿಗೊಡದಂತಾಗುವುದು ಮನುಷ್ಯಸ್ವಭಾವ. ಆದಕಾರಣವೇ, ತಯಾರಿಸಿದವರು ಹೇಳಿದ ಅಂಕಿಗಳನ್ನು ನಂಬಿ ಕೂರದೆ, ತಮ್ಮ ಆಸ್ಪತ್ರೆಯಲ್ಲಿ ತಮ್ಮ ರೋಗಿಗಳ ಮೇಲೆ ಯಂತ್ರವನ್ನು ಪರೀಕ್ಷಿಸಿ ನೋಡಬೇಕೆಂದು ವೈದ್ಯರು ಒತ್ತಾಯಿಸುವುದು.

ವೈದ್ಯನಿಗೂ ಕಾವಲು ಬೇಕು

ಇಷ್ಟರಿಂದ ವೈದ್ಯನೊಬ್ಬನು ಪಕ್ಕದಲ್ಲಿದ್ದರೆ ಎಲ್ಲವೂ ಕ್ಷೇಮವೆಂದು ತಿಳಿದರೆ ಅದೂ ಭ್ರಮೆ. ಜರ್ಮನಿಯ ಸಂಶೋಧಕರು 2023ರಲ್ಲಿ 27 ಮಂದಿ ಕ್ಷ-ಕಿರಣ ತಜ್ಞರಿಗೆ ಸ್ತನದ ಚಿತ್ರಗಳನ್ನು ಕೊಟ್ಟು, ಪ್ರತಿಯೊಂದಕ್ಕೂ ಯಂತ್ರದ ಅಭಿಪ್ರಾಯವೆಂದು ಒಂದು ಸೂಚನೆಯನ್ನು ಲಗತ್ತಿಸಿದರು. ಕೆಲವು ಸೂಚನೆಗಳನ್ನು ಬೇಕೆಂದೇ ತಪ್ಪಾಗಿ ಕೊಟ್ಟಿದ್ದರು. ಸೂಚನೆ ಸರಿಯಿದ್ದಾಗ ಬಹಳ ಅನುಭವಸ್ಥರು ನೂರಕ್ಕೆ 82ರಷ್ಟು ಸರಿಯಾದ ತೀರ್ಮಾನ ಕೊಟ್ಟರು. ಸೂಚನೆ ತಪ್ಪಾಗಿದ್ದಾಗ ಅದು 45.5ಕ್ಕೆ ಇಳಿಯಿತು. ಅನುಭವ ಕಡಿಮೆಯಿದ್ದವರಲ್ಲಿ ಸುಮಾರು 80ರಷ್ಟಿದ್ದುದು 20ಕ್ಕೆ ಕುಸಿಯಿತು! ಎದುರಿಗೆ ಚಿತ್ರವಿದ್ದರೂ ಕಣ್ಣು ಯಂತ್ರದ ಮಾತಿನ ಕಡೆಗೆ ವಾಲಿತು.

ಮತ್ತೊಂದು ಅಪಾಯವು ನಿಧಾನವಾಗಿ ಬರುವಂಥದು. ಪೋಲೆಂಡಿನ ನಾಲ್ಕು ಕೇಂದ್ರಗಳಲ್ಲಿ ದೊಡ್ಡ ಕರುಳಿನ ಒಳಭಾಗವನ್ನು ನಳಿಕೆಯ ಮೂಲಕ ನೋಡಿ, ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟುಗಳನ್ನು ಹುಡುಕುವ ವೈದ್ಯರಿಗೆ 2021ರ ಕೊನೆಯಲ್ಲಿ ಯಂತ್ರದ ನೆರವು ದೊರೆಯಿತು. ಯಂತ್ರವಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಗಂಟು ಪತ್ತೆಯಾದ ಪ್ರಮಾಣವು ಅದಕ್ಕೆ ಮೊದಲು ನೂರಕ್ಕೆ 28.4 ಇದ್ದುದು, ಯಂತ್ರವು ಬಂದ ತರುವಾಯ 22.4ಕ್ಕೆ ಇಳಿದುದನ್ನು ಸಂಶೋಧಕರು 2025ರಲ್ಲಿ ವರದಿ ಮಾಡಿದರು. ಇದೊಂದೇ ಅಧ್ಯಯನದಿಂದ ಕೊನೆಯ ಮಾತನ್ನು ಹೇಳಲಾಗದು. ಆದರೂ ಬಳಸದ ಕತ್ತಿಗೆ ತುಕ್ಕು ಹಿಡಿಯುವಂತೆ ಬಳಸದ ಕಣ್ಣಿಗೂ ಮಂಕು ಕವಿಯಬಹುದೆಂಬ ಎಚ್ಚರವನ್ನು ಅದು ಕೊಡುತ್ತದೆ. ಯಂತ್ರವನ್ನು ತಿದ್ದಬೇಕಾದ ವೈದ್ಯನೇ ತನ್ನ ವಿದ್ಯೆಯನ್ನು ಮರೆತರೆ, ತಿದ್ದುವವರು ಯಾರು?

ಕೆಲಸವನ್ನು ಹಂಚಿದ ರೀತಿ

ಹೀಗೆಂದು ಯಂತ್ರವನ್ನು ದೂರವಿಡುವುದೂ ವಿವೇಕವಲ್ಲ. ಸ್ವೀಡನ್ ದೇಶದಲ್ಲಿ ಸ್ತನದ ಕ್ಯಾನ್ಸರನ್ನು ಮೊದಲೇ ಗುರುತಿಸಲು ಮಾಡುವ ತಪಾಸಣೆಯಲ್ಲಿ ಪ್ರತಿಯೊಂದು ಚಿತ್ರವನ್ನೂ ಇಬ್ಬರು ತಜ್ಞರು ಓದುವ ಪದ್ಧತಿಯುಂಟು. 2021ರಿಂದ 2022ರವರೆಗೆ ಕ್ರಿಸ್ಟಿನಾ ಲೋಂಗ್ ಎಂಬ ಕ್ಷ-ಕಿರಣ ತಜ್ಞೆಯ ನೇತೃತ್ವದಲ್ಲಿ 80,000ಕ್ಕೂ ಹೆಚ್ಚು ಮಹಿಳೆಯರನ್ನು ಯಾವ ಆಯ್ಕೆಯೂ ಇಲ್ಲದೆ ಎರಡು ಗುಂಪುಗಳಾಗಿ ಹಂಚಿದರು. ಒಂದು ಗುಂಪಿನಲ್ಲಿ ಹಳೆಯ ಪದ್ಧತಿ. ಇನ್ನೊಂದರಲ್ಲಿ ಯಂತ್ರವು ಮೊದಲು ಚಿತ್ರವನ್ನು ನೋಡಿ ಅಪಾಯವನ್ನು ಅಳೆಯಿತು. ಅಪಾಯ ಕಡಿಮೆಯಿದ್ದರೆ ಒಬ್ಬ ತಜ್ಞರು, ಹೆಚ್ಚಿದ್ದರೆ ಇಬ್ಬರು ಓದಿದರು. ಯಾವ ಚಿತ್ರವನ್ನೂ ಯಂತ್ರಕ್ಕೆ ಮಾತ್ರ ಒಪ್ಪಿಸಿಬಿಡಲಿಲ್ಲ.

2023ರಲ್ಲಿ ಪ್ರಕಟವಾದ ಮೊದಲ ಫಲಿತಾಂಶದಲ್ಲಿ, ಹಳೆಯ ಪದ್ಧತಿಯಿಂದ 203 ಕ್ಯಾನ್ಸರುಗಳು, ಹೊಸ ಪದ್ಧತಿಯಿಂದ 244 ಪತ್ತೆಯಾಗಿದ್ದವು. ರೋಗವಿಲ್ಲದವರನ್ನು ಸುಮ್ಮನೆ ಗಾಬರಿಪಡಿಸಿದ ಪ್ರಮಾಣವು ಎರಡು ಗುಂಪುಗಳಲ್ಲಿಯೂ ನೂರಕ್ಕೆ 1.5. ತಜ್ಞರ ಓದುವ ಕೆಲಸವಾದರೋ ನೂರಕ್ಕೆ 44ರಷ್ಟು ಕಡಿಮೆಯಾಯಿತು. ಇಲ್ಲಿ ಯಶಸ್ಸಿಗೆ ಕಾರಣವು ಯಂತ್ರದ ಚಾತುರ್ಯವೊಂದೇ ಅಲ್ಲ. ಹೊಸ ಔಷಧಿಯನ್ನು ಹೇಗೆ ಪರೀಕ್ಷಿಸುತ್ತೇವೆಯೋ ಹಾಗೆಯೇ ಯಂತ್ರವನ್ನೂ ಪರೀಕ್ಷಿಸಿದರು; ಅದರ ಪಾಲಿನ ಕೆಲಸ ಯಾವುದು, ಮನುಷ್ಯರ ಪಾಲಿನದು ಯಾವುದು ಎಂದು ಮೊದಲೇ ಗೆರೆ ಎಳೆದರು.

ವೈದ್ಯರು ಕೇಳುವ ಪ್ರಶ್ನೆಗಳು

ಈ ಅನುಭವಗಳೆಲ್ಲವನ್ನೂ ಕಂಡ ವೈದ್ಯರ ಸಂಘಗಳು ಕೆಲವು ತತ್ತ್ವಗಳನ್ನು ರೂಪಿಸಿವೆ. ಅಮೆರಿಕದ ವೈದ್ಯಕೀಯ ಸಂಘವು 2018ರಲ್ಲಿಯೂ, ಜಗತ್ತಿನ ವೈದ್ಯಕೀಯ ಸಂಘವು 2019ರಲ್ಲಿಯೂ, ‘ಕೃತಕ ಬುದ್ಧಿ’ಯ ಬದಲು ‘ವರ್ಧಿತ ಬುದ್ಧಿ’ ಎಂಬ ಹೆಸರನ್ನು ಮುಂದಿಟ್ಟವು. ಮನುಷ್ಯನ ಬುದ್ಧಿಗೆ ಬೆಂಬಲವಾಗಿ ನಿಲ್ಲಬೇಕೇ ಹೊರತು ಅದರ ಸ್ಥಾನದಲ್ಲಿ ಕೂರಬಾರದೆಂಬುದು ಅದರ ಭಾವ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಆರು ತತ್ತ್ವಗಳನ್ನು ಸಾರಿತು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು 2023ರಲ್ಲಿ ಈ ವಿಷಯದ ನೀತಿಸೂತ್ರಗಳನ್ನು ಹೊರಡಿಸಿ, ಯಂತ್ರದ ಕಾರ್ಯದಲ್ಲಿ ಮನುಷ್ಯನ ಮೇಲ್ವಿಚಾರಣೆ ಇರಬೇಕೆಂದು ವಿಧಿಸಿತು.

ಇವೆಲ್ಲದರ ಸಾರವನ್ನು ನಾಲ್ಕು ಪ್ರಶ್ನೆಗಳಲ್ಲಿ ಹೇಳಬಹುದು. ಈ ಯಂತ್ರವು ಯಾರ ದಾಖಲೆಗಳಿಂದ ಕಲಿಯಿತು, ಆ ದಾಖಲೆಗಳು ಹೇಗೆ ಹುಟ್ಟಿದವು? ಉಬ್ಬಸದ ಒಗಟು ಈ ಪ್ರಶ್ನೆಯನ್ನು ಕಲಿಸಿತು. ಏನನ್ನು ಊಹಿಸುವಂತೆ ಅದಕ್ಕೆ ಹೇಳಲಾಯಿತು? ಇದು ಖರ್ಚಿನ ಲೆಕ್ಕದಿಂದ ಕಲಿತದ್ದು. ಈ ಊರಿನಲ್ಲಿ, ಈ ಆಸ್ಪತ್ರೆಯಲ್ಲಿ, ಈ ರೋಗಿಗಳ ಮೇಲೆ ಅದನ್ನು ಪರೀಕ್ಷಿಸಲಾಗಿದೆಯೇ? ಥೈಲೆಂಡ್ ಮತ್ತು ಮಿಷಿಗನ್ನುಗಳ ಪಾಠವಿದು. ಕೊನೆಯದಾಗಿ, ಯಂತ್ರವು ತಪ್ಪಿದಾಗ ಹೊಣೆ ಯಾರದು?

ನಾಲ್ಕನೆಯ ಪ್ರಶ್ನೆಗೆ ಇನ್ನೂ ತೃಪ್ತಿಕರವಾದ ಉತ್ತರವು ದೊರೆತಿಲ್ಲ. ಯಂತ್ರವನ್ನು ಆರಿಸುವವರು ಬಹುಮಟ್ಟಿಗೆ ಆಸ್ಪತ್ರೆಯ ಆಡಳಿತದವರು, ತಯಾರಿಸುವವರು ಇನ್ನಾರೋ, ಅದರ ಒಳಗನ್ನು ನೋಡುವ ಅವಕಾಶವೂ ವೈದ್ಯನಿಗಿಲ್ಲ. ಹೀಗಿರುವಾಗ ತಪ್ಪಿನ ಹೊಣೆಯನ್ನು ಮಾತ್ರ ಅವನ ತಲೆಗೆ ಕಟ್ಟುವುದು ನ್ಯಾಯವೇ ಎಂದು ವೈದ್ಯರು ಕೇಳುತ್ತಾರೆ. ಹಾಗೆಂದು ಹೊಣೆಯು ಯಾರದೂ ಅಲ್ಲವೆಂದರೆ ರೋಗಿಯ ಪಾಡೇನು? ಅಮೆರಿಕದ ಸಂಘದ 2024ರ ಸಮೀಕ್ಷೆಯಲ್ಲಿ, ಇಂಥ ಸಾಧನಗಳ ಮೇಲೆ ನಂಬಿಕೆ ಬೆಳೆಯಬೇಕಾದರೆ ಮೊದಲು ಆಗಬೇಕಾದ ಕ್ರಮವು ಹೆಚ್ಚಿನ ಮೇಲ್ವಿಚಾರಣೆಯೇ ಎಂದವರು ನೂರಕ್ಕೆ 47 ಮಂದಿ. ಅದೇ ವೈದ್ಯರಲ್ಲಿ ನೂರಕ್ಕೆ 57 ಮಂದಿ, ಕಾಗದಪತ್ರದ ಹೊರೆಯನ್ನು ಇಳಿಸುವುದರಲ್ಲಿಯೇ ಯಂತ್ರದಿಂದ ಅತಿ ಹೆಚ್ಚಿನ ಪ್ರಯೋಜನವೆಂದು ಬಗೆದರು. ರೋಗಿಯ ಮುಖವನ್ನು ನೋಡಿ ಮಾತಾಡಲು ಬಿಡುವು ದೊರೆಯಲಿ ಎಂಬುದೇ ಆ ಬಯಕೆ.

ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ವೈದ್ಯರಾಗುವರು, ಕೆಲವರು ಗಣಕಶಾಸ್ತ್ರವನ್ನು ಹಿಡಿಯುವರು. ವೈದ್ಯರಾಗುವವರು ಅಂಕಿಸಂಖ್ಯೆಗಳ ವಿದ್ಯೆಯನ್ನು ಉದಾಸೀನ ಮಾಡಬಾರದು. ಯಂತ್ರವು ಹೇಳಿದ ಸಂಖ್ಯೆಯ ಹಿಂದೆ ಏನಿದೆಯೆಂದು ಕೇಳುವ ಶಕ್ತಿ ಅದರಿಂದಲೇ ಬರುವುದು. ಗಣಕಶಾಸ್ತ್ರಜ್ಞರಾಗುವವರು ಒಂದೆರಡು ದಿನವಾದರೂ ಆಸ್ಪತ್ರೆಯ ವಾರ್ಡಿನಲ್ಲಿ ನಿಂತು, ದಾಖಲೆಯ ಒಂದೊಂದು ಸಾಲೂ ಹೇಗೆ ಬರೆಯಲ್ಪಡುತ್ತದೆಯೆಂಬುದನ್ನು ಕಣ್ಣಾರೆ ನೋಡಬೇಕು. ಪಿಟ್ಸ್‌ಬರ್ಗಿನಲ್ಲಿ ಉಬ್ಬಸದ ರೋಗಿಗಳಿಗೆ ಒದಗಬಹುದಾಗಿದ್ದ ಆಪತ್ತು ತಪ್ಪಿದ್ದು, ಲೆಕ್ಕ ಬಲ್ಲವರೂ ರೋಗ ಬಲ್ಲವರೂ ಒಂದೇ ಮೇಜಿನ ಸುತ್ತ ಕುಳಿತು ಆ ವಿಚಿತ್ರ ನಿಯಮವನ್ನು ಗಟ್ಟಿಯಾಗಿ ಓದಿಕೊಂಡದ್ದರಿಂದ. ನಮ್ಮ ಆಸ್ಪತ್ರೆಗಳಿಗೂ ಇಂಥ ಮೇಜುಗಳು ಬೇಕಾಗಿವೆ.